ಬಿಳೀದು ಇರಲಿ

ಮೊದಲು ಸಾಸಿವೆ.
ಆಮೇಲೆ ಒಂದು ಉದ್ದಿನಕಾಳು, ಸ್ಟೋವಿನ ಕೆಳಗೆ.
ದಸರೆ ಮುಗಿದು ಎಂಟು ದಿನಕ್ಕೂ
ಬಾಗಿಲ ಹಿಂದೆ ಒಣಗಿದ ಬನ್ನಿ ಎಲೆ,
ಅಂಗಾಲಿಗೆ ಸಿಕ್ಕು ಪುಡಿಯಾಯಿತು.

ನಾನು ಹೇಳಲಿಲ್ಲ.
ಸದಾಶಿವ ಪೇಠೆಯ ಈ ಎರಡು ಕೋಣೆಯನ್ನು
ನಲವತ್ತೊಂದು ವರ್ಷ ಕಾಲಿನಿಂದ ಓದಿದವನು;
ಓದಿದ್ದೆಲ್ಲ ಬಾಯಿಬಿಟ್ಟು ಹೇಳಬೇಕೆಂದಿಲ್ಲ.
ಸೊಂಟ, ಅಂದುಕೊಂಡೆ. ಅರವತ್ತೆಂಟಾಯಿತು ಅವಳಿಗೆ,
ಬಗ್ಗಿ ಕಸ ಹೊಡೆಯುವುದೆಂದರೆ ಸುಮ್ಮನೆಯೇ?

ಹಾಗೆ ಹೊರಡಿಸಿದೆ, ತಿಳಕ ರಸ್ತೆಯ ಅಂಗಡಿಗೆ,
ತಾನಾಗಿ ಗುಡಿಸುವ ಯಂತ್ರ ಕೊಳ್ಳಲು.

ಹುಡುಗನ ಹೆಸರು ಓಂಕಾರ.
‘ಹೇ ಬಘಾ ಕಾಕಾ’ ಅಂದವನು
ನೋಡಿ ಅಂದುಬಿಟ್ಟೆನಲ್ಲ ಎಂದು ತಡವರಿಸಿದ.
ಬಿಡಪಾ, ಅಂದೆ. ನಾನೂ ದಿನಾ ಅನ್ನತೇನಿ,
ನೋಡೋಣು, ನೋಡೋಣು ಅಂತ.

ನೆಲಕ್ಕೆ ಚುರುಮುರಿ ಚೆಲ್ಲಿದ. ಮೊದಲನೆಯದನ್ನು ಬಿಟ್ಟ.
ನೆತ್ತಿಯ ಮೇಲೆ ಲೇಸರಂತೆ. ಕತ್ತಲಲ್ಲೂ ಕಾಣುತ್ತದಂತೆ.
ಗೋಡೆ ಮುಟ್ಟದೆ ಮನೆಯ ನಕಾಶೆ ಬರೆಯುತ್ತದಂತೆ.
‘ಸದ್ದೇ ಇಲ್ಲ ಕಾಕಾ!’
ಸದ್ದಿಲ್ಲದ್ದನ್ನು ಎಡವದೆ ನಾನಿನ್ನೇನು ಮಾಡಲಿ?
ನಿನ್ನಲ್ಲಿ ಎಲ್ಲಕ್ಕಿಂತ ಗದ್ದಲ ಮಾಡುವುದು ಯಾವುದು, ಕೇಳಿದೆ.
ಇಂಥ ಗಿರಾಕಿಗೆ ಅವನ ಬಳಿ ಪಾಠವಿರಲಿಲ್ಲ.

ಎರಡನೆಯದು ಮಾತಾಡಿತು, ಹಿಂದಿ, ಇಂಗ್ಲಿಷು.
ಬ್ಯಾಂಕಿನ ಟೆಲಿಫೋನ್ ಬೋರ್ಡಿನ ಮುಂದೆ
ಮೂವತ್ತಮೂರು ವರ್ಷ ದನಿಗಳಿಗೆ ದನಿ ಜೋಡಿಸಿದವನು ನಾನು.
ಆ ಹೆಂಗಸು ಯಾರ ಉತ್ತರಕ್ಕೂ ಕಾಯುತ್ತಿರಲಿಲ್ಲ.

ಮೂರನೆಯದು ಅಗ್ಗದ್ದು,
ತಾನೇ ಧೂಳು ಹಿಡಿದು ಕೂತಿತ್ತಂತೆ ಕಪಾಟಿನ ತುದಿಯಲ್ಲಿ.
ಲೇಸರಿಲ್ಲ, ನಕಾಶೆಯಿಲ್ಲ. ರಬ್ಬರಿನ ತುಟಿ, ಅಷ್ಟೇ.
ಗುರ್ರೆಂದು ಹೊರಟಿತು.
ಡಬ್, ಕೌಂಟರಿಗೆ. ತಿರುಗಿತು.
ಡಬ್, ಸ್ಟೂಲಿಗೆ.
ಡಬ್, ನನ್ನ ಚಪ್ಪಲಿಗೆ. ‘ಸಾರಿ ಕಾಕಾ,’
ಅದರ ಪರವಾಗಿ ಓಂಕಾರ.

ಎಂಬತ್ಮೂರರ ಮೊದಲ ವಾರ.
ಹೊಸ ಮನೆ, ಹೊಸ ಹೆಂಡತಿ,
ಮೊಣಕಾಲಿಗೆ ಮಂಚ, ಹಣೆಗೆ ಕಪಾಟಿನ ಬಾಗಿಲು.
ಅಡುಗೆಮನೆಯ ಫರಸಿ ಮಾತ್ರ ಶಹಾಬಾದದ್ದು,
ನಮ್ಮ ಕಡೆಯ ಕಲ್ಲು,
ತಂಪಿನಿಂದಲೇ ಪರಿಚಯ ಹೇಳಿಕೊಂಡಿತು.
ಉಳಿದದ್ದನ್ನೆಲ್ಲ ಡಿಕ್ಕಿ ಹೊಡೆದೇ ಕಲಿತೆ.
ಹದಿನೈದು ದಿನ ಹಿಡಿಯಿತು.
ಇದಕ್ಕೂ ಅಷ್ಟು ಕೊಡಬಹುದು.

ಇದ ಸಾಕು, ಅಂದೆ.
ಪ್ರಮೀಳಾ ಜಗಳಾಡಲಿಲ್ಲ.
ಕೊತ್ತಂಬರಿ ಸೂಡಿಗೆ ಹತ್ತು ನಿಮಿಷ ಚೌಕಾಶಿ ಮಾಡುವವಳು
ಒಂದು ಯಂತ್ರವನ್ನೂ ತೆಗಳಲಿಲ್ಲ, ಹೊಗಳಲಿಲ್ಲ.
ನನಗದು ಆಗಲೇ ತಟ್ಟಬೇಕಿತ್ತು.

‘ಕರಿಯದಿದೆ, ಬಿಳಿಯದಿದೆ.
ಕರಿಯದು ಐನೂರು ಕಡಿಮೆ.’
ಬಣ್ಣ ಕಟ್ಟಿಕೊಂಡು ನನಗೇನು?
ಕರಿಯದು ಅನ್ನಲು ಬಾಯಿ ತೆರೆದಿದ್ದೆ.
‘ಬಿಳೀದು,’ ಅಂದಳು, ತಟ್ಟನೆ.
ಐನೂರು ರೂಪಾಯಿ, ಪ್ರಮೀಳಾ.
‘ಇರಲಿ. ಫರಸಿ ಮ್ಯಾಲ ಕರೀದು ನನಗ ಕಾಣಂಗಿಲ್ಲ.’

ಬಿಲ್ಲಿನ ಯಂತ್ರ ಕಿರ್ರೆಂದು ಕಾಗದ ಉಗುಳುತ್ತಿತ್ತು.
ಸಾಸಿವೆ ಕಪ್ಪು
ಎಂದು ನನಗೆ ಕೇಳಿ ಗೊತ್ತು. ಅವಳೇ ಹೇಳಿದ್ದು,
ಮದುವೆಯಾದ ಹೊಸದರಲ್ಲಿ, ಒಗ್ಗರಣೆ ಹಾಕುತ್ತ.

ಯಾವಾಗಿನಿಂದ, ಕೇಳಲಿಲ್ಲ.
ಕಾಳಿನ ಸುದ್ದಿ ನಾನೆಲ್ಲಿ ಹೇಳಿದ್ದೆ?

ರಿಕ್ಷಾದಲ್ಲಿ ಡಬ್ಬ ನಮ್ಮಿಬ್ಬರ ತೊಡೆಯ ಮೇಲೆ,
ಗುಂಡಿ ಬಂದಾಗೆಲ್ಲ ಒಳಗೆ ಏನೋ ಕಟಕಟ.
ಮೂರನೇ ಮಾಳಿಗೆ. ಲಿಫ್ಟು ಇಂದೂ ಕೆಟ್ಟಿತ್ತು.
ಡಬ್ಬ ನನ್ನ ಕಂಕುಳಲ್ಲಿ, ಇನ್ನೊಂದು ಕೈ ಎಂದಿನಂತೆ
ಅವಳ ಮೊಣಕೈಗೆ.
ಐದನೇ ಮೆಟ್ಟಿಲು ಚಕ್ಕೆ ಎದ್ದೈತಿ, ಅಂದೆ.
‘ನನಗ ಹೇಳತೀರಿ?’ ನಕ್ಕಳು.

ನಗುತ್ತಲೇ ಕಾಲು ತಡೆದು
ಎಡಕ್ಕೆ ಸರಿಸಿ ಇಟ್ಟಳು.